ಹಳದಿ ನೆಲದ ಮೇಲೆ ಕೆಂಪು ದೋಣಿ

ದೋಣಿ ನೆಲದ ಮೇಲೆ ಹೊರಟಿದೆ, ಫೋನಿನ ಅಂಗೈಯಗಲದ ಹಳದಿಯ ಮೇಲೆ ಉಗುರಿನ ತುದಿಯಷ್ಟು ಕೆಂಪು, ಬಸ್ಸು ಗುಂಡಿಗೆ ಬಿದ್ದರೆ ಅದೂ ಒಂದಿಷ್ಟು ಅದುರುತ್ತದೆ, ತಿರುವಿನಲ್ಲಿ ಮೂಗು ಹೊರಳಿಸುತ್ತದೆ, ಮತ್ತೆ ನೆಟ್ಟಗಾಗುತ್ತದೆ — ಸುತ್ತ ಊರಿಲ್ಲ, ಕಾಲುವೆಯಿಲ್ಲ, ರಸ್ತೆಯೂ ಇಲ್ಲ, ಕಿಟಕಿಯಾಚೆ ನೋಡಿದರೆ ಮಾತ್ರ ಎಲ್ಲ ಇದೆ, ಭತ್ತ ಕಟಾವಿನ ಮಿಷಿನ್ನು ಗದ್ದೆಯ ಮೂಲೆಯಲ್ಲಿ ತಿರುಗುತ್ತಿದೆ, ಅದರ ಬೆನ್ನಿಗೆ ಬೆಳ್ಳಕ್ಕಿಗಳು, ರಸ್ತೆಯಂಚಿಗೆ ತಾಡಪತ್ರಿ ಹಾಸಿ ಹರವಿದ ಭತ್ತವನ್ನು ಹೆಂಗಸೊಬ್ಬಳು ಕಾಲಿನಿಂದ ಸಾಲುಸಾಲಾಗಿ ತಿರುವುತ್ತಿದ್ದಾಳೆ, ಸಿಂಧನೂರಿನ ಗಿರಣಿಗಳ ತೌಡಿನ ವಾಸನೆ ಇನ್ನೂ ಸೀರೆಯಲ್ಲೇ ಇದೆ, ತವರುಮನೆ ಇರುವುದೇ ಗಿರಣಿಯ ಹಿಂದೆ, ಗಂಡ ಸಂಗನಬಸವ ಹೋದಾಗಿನಿಂದ ಭಾಗ್ಯಶ್ರೀ ಆ ವಾಸನೆಯಲ್ಲೇ ಮಲಗಿ ಅದರಲ್ಲೇ ಏಳುತ್ತಾಳೆ. ಇದು ಹಡಗಿನವರ ನಕ್ಷೆ, ಸಂಗನಬಸವ ಅಂದಿದ್ದ, ರಜೆಗೆ ಬಂದವನು ಅವಳ ಫೋನಿಗೂ ಒಂದು ಹಾಕಿ ಕೊಟ್ಟು ಪಕ್ಕಕ್ಕೆ ಕೂತು ತೋರಿಸಿದ್ದ, ಸಮುದ್ರದಾಗ ಎಲ್ಲಾ ಬರೀತಾರ, ಆಳ ಎಷ್ಟು, ಬಂಡೆಗಲ್ಲು ಎಲ್ಲಿ, ನೆಲ ಬಂತಂದ್ರ ಹಳದಿ ಬಳದು ಸುಮ್ಮನಾಗಿಬಿಡ್ತಾರ. ಅಂದ್ರ ಸಿಂಧನೂರಿಲ್ಲೇನು ಇದರಾಗ? ಇಲ್ಲ. ನಿಮ್ಮ ಮಸ್ಕಿ? ಅದೂ ಇಲ್ಲ. ಹಂಗಾದ್ರ ಇದರಾಗ ನಾ ಎಲ್ಲಿ ಹುಡುಕಲಿ ನಿಮ್ಮನ್ನ ಅಂತ ಅವಳು ನಕ್ಕಿದ್ದಳು, ನಗು ಈಗ ಬಸ್ಸಿನ ಕಂಬಿ ಹಿಡಿದ ಕೈಯೊಳಗೆ ಎಲ್ಲೋ ಚುಚ್ಚುತ್ತದೆ. ಈ ದೋಣಿ ಕೆಂಪಗಿತ್ತಂದ್ರ ಉಪಗ್ರಹ ನಮ್ಮನ್ನ ನೋಡಾಕತ್ಯಾವ ಅಂತ ಅರ್ಥ, ಬೂದಿ ಬಣ್ಣ ಆತಂದ್ರ ನಾವು ಕಳದೀವಿ, ದೋಣಿ ನಿಂತಂಗ ಕಾಣತೈತಿ, ಖರೇ ಅದು ನಿಂತಿಲ್ಲ, ಅದು ನಮ್ಮನ್ನ ಕಡೀಗೆ ಕಂಡ ಜಾಗ, ಅಷ್ಟ.

ಎಲ್ಲಿಗ್ರೀ ಅಕ್ಕಾರ, ಕಂಡಕ್ಟರ್ ಬಂದು ನಿಂತಿದ್ದಾನೆ, ಆಧಾರ್ ತೋರಸ್ರಿ — ಲಿಂಗಸೂರು ಅನ್ನುತ್ತಾಳೆ, ಅವನು ಚೀಟಿ ಹರಿದು ಕೊಟ್ಟು ಮುಂದಿನ ಸೀಟಿನ ಮುದುಕಿಯ ಕಡೆ ತಿರುಗುತ್ತಾನೆ, ಎಷ್ಟು ಸುಲಭವಾಗಿ ಆ ಊರಿನ ಹೆಸರು ಬಾಯಿಂದ ಬಂತು, ಇಷ್ಟು ದಿನ ಆ ದಾರಿ ಹಿಡಿದಿರಲಿಲ್ಲ, ಹೊಳೆ ಇರುವ ಕಡೆ ಮುಖ ಮಾಡಿ ಕೂರುತ್ತಲೂ ಇರಲಿಲ್ಲ. ಮೊನ್ನೆ ಜ್ಯೋತಿ ಫೋನು ಮಾಡಿದಳು. ಜ್ಯೋತಿ ಅಂದರೆ ಆ ದಿನ ಸಂಗನಬಸವ ಪ್ರವಾಹದೊಳಗಿಂದ ದಾಟಿಸಿ ತಂದ ತುಂಬು ಬಸುರಿ, ಈಗ ಲಿಂಗಸೂರಿನಲ್ಲೇ ಬಾಡಿಗೆ ಖೋಲಿ ಹಿಡಿದಿದ್ದಾಳೆ, ಹಬ್ಬಕ್ಕೊಮ್ಮೆ ಹೆದರಿ ಹೆದರಿ ಫೋನು ಮಾಡುತ್ತಾಳೆ, ಅಕ್ಕಾರ ಊಟ ಆತ್ರೀ ಅನ್ನುತ್ತಾಳೆ, ಅಷ್ಟೇ ಮಾತು, ಹಿಂದೆ ಕೂಸಿನ ಸದ್ದು ಕೇಳುತ್ತದೆ. ಮೊನ್ನೆ ಮಾತ್ರ ಒಂದೇ ಉಸಿರಿಗೆ ಅಂದಳು, ಅಕ್ಕಾರ, ನಮ್ಮತ್ತಿ ಗೋವಾದಿಂದ ಬಂದಾಳ್ರಿ, ಅಣ್ಣಾರು ದೋಣ್ಯಾಗ ಯಾಕ ಎದ್ದು ನಿಂತಿದ್ರು ಅಂತ ಆಕೀಗೆ ಗೊತ್ತೈತಂತ್ರಿ, ಮಂದಿ ಅನ್ನೋದು ಸುಳ್ಳಂತ್ರಿ, ಫೋನಿನ್ಯಾಗ ಹೇಳಂಗಿಲ್ಲಂತಾಳ, ನೀವ ಬರಬೇಕಂತ್ರಿ.

ಯಾಕೆ ಎದ್ದು ನಿಂತ. ಅದೊಂದು ಪ್ರಶ್ನೆಯ ಸುತ್ತ ಒಂದು ಮಳೆಗಾಲ, ಒಂದು ಚಳಿಗಾಲ, ಒಂದು ಬೇಸಿಗೆ, ಮತ್ತೊಂದು ಮಳೆಗಾಲ ಕಳೆದುಹೋದವು. ಆ ದಿನ ಮಸ್ಕಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಹೊಳಿ ತುಂಬೇತಂತ, ನೋಡಿ ಬರ್ತೀನಿ ಅಂತ ಅವನು ಗಾಡಿಯ ಕೀಲಿ ತಗೊಂಡ, ತಿಂಗಳುಗಟ್ಟಲೆ ನೀರಿನ ಮೇಲಿದ್ದು ಬಂದವನಿಗೆ ಮತ್ತೆ ನೀರೇ ಯಾಕೆ ಅಂತ ಅವಳು ಕೇಳಬೇಕಿತ್ತು, ಕೇಳಲಿಲ್ಲ, ಒಲೆಯ ಮೇಲೆ ರೊಟ್ಟಿ ಉಬ್ಬುತ್ತಿತ್ತು. ಕೃಷ್ಣೆ ಎರಡು ದಂಡೆ ಮೀರಿ ಹರಿಯುತ್ತಿದ್ದಳು, ಹಾಲಗಡ್ಡಿ ಅನ್ನುವ ನಡುಗಡ್ಡೆಗೆ ಹೋಗುವ ಸೇತುವೆ ನೀರಿನಡಿ ಮುಳುಗಿತ್ತು, ಆ ಕಡೆ ಹೆರಿಗೆ ನೋವು ಶುರುವಾದ ಹುಡುಗಿ, ಈ ಕಡೆ ಅಂಬುಲೆನ್ಸು, ಸರಕಾರದ ದೋಣಿ ಇನ್ನೂ ದಾರಿಯಲ್ಲಿ, ದಂಡೆಯಲ್ಲಿ ಮೀನು ಹಿಡಿಯುವ ಅಂಬಪ್ಪನದೊಂದು ಇಂಜಿನ್ ದೋಣಿ ಇತ್ತು. ಹಡಗಿನವನು, ಸೆಕೆಂಡ್ ಆಫೀಸರು, ಸಮುದ್ರ ದಾಟಿಸಿದವನು, ದಂಡೆಯ ಮೇಲೆ ಕೈಕಟ್ಟಿ ನಿಲ್ಲುತ್ತಾನೆಯೆ. ಅಂಬಪ್ಪ ಆಮೇಲೆ ಬಂದು ಹೇಳಿದ್ದ, ಹುಟ್ಟಿದಾಗಿಂದ ಈ ಹೊಳ್ಯಾಗ ಅದೀನ್ರಿ ಯವ್ವಾ, ಆವತ್ತಿನ ಹೊಳಿ ನಾ ಕಂಡ ಹೊಳಿ ಆಗಿದ್ದಿಲ್ಲ, ನನಗೂ ದಾರಿ ತಿಳೀವಲ್ದಾಗಿತ್ತು, ಸಾಹುಕಾರ್ರು ತಮ್ಮ ಯಂತ್ರ ತಗದು ತೊಡೀ ಮ್ಯಾಲ ಇಟಗೊಂಡ್ರು, ನೀ ಇಂಜಿನ್ ನೋಡ್ಕೊ, ನಾ ದಾರಿ ನೋಡ್ತೀನಿ ಅಂದ್ರು. ಕೈಯಲ್ಲಿ ಹಿಡಿಯುವ ಆ ಜಿಪಿಎಸ್ ಯಂತ್ರದ ನಕ್ಷೆಯಲ್ಲಿ ಹೊಳೆಯೇ ಇರಲಿಲ್ಲ, ಅವಳಿಗೆ ಗೊತ್ತು, ಅಲ್ಲಿಯೂ ಬರೀ ಹಳದಿ, ಆದರೆ ಹೋದ ದಾರಿಯ ಗೆರೆಯನ್ನು ಅದು ಬರೆದಿಡುತ್ತದೆ, ಒಂದು ಕೋಲಿನಿಂದ ಆಳ ನೋಡುತ್ತ ನೋಡುತ್ತ ಅವರು ಹೋದರು, ಹುಡುಗಿಯನ್ನು ತಂದರು, ಅದೇ ಗೆರೆಯ ಮೇಲೆ ತಂದರು, ಒಂದು ಕಲ್ಲೂ ತಾಗಲಿಲ್ಲ.

ಆಗಲೇ ಅವನು ಫೋನು ಮಾಡಿದ್ದು, ದನಿ ಎಷ್ಟು ಎತ್ತರದಲ್ಲಿತ್ತು, ಭಾಗ್ಯಾ, ಭಾಗ್ಯಾ, ಇಲ್ಲೇ ದಂಡಿ ಮ್ಯಾಗ ಹಡದ್ಲು, ಅಂಬುಲೆನ್ಸಿನ್ಯಾಗ, ಕೂಸು ಅಳೋದು ಕೇಳಸ್ತೇನು, ತಡಿ ಕೇಳಸ್ತೀನಿ — ಗಾಳಿ, ಮಂದಿಯ ಗದ್ದಲ, ಎಲ್ಲಕ್ಕೂ ಮೇಲೆ ಒಂದು ತೆಳ್ಳಗಿನ ದನಿ — ಕೇಳಸ್ತು, ಅಂದಿದ್ದಳು. ಆಕೀ ಅತ್ತಿ ಒಬ್ಬಾಕಿ ಆ ಕಡೆ ಉಳದಾಳ, ಗಡ್ಡ್ಯಾಗ ಕರೆಂಟಿಲ್ಲ, ಒಂದು ಫೋನೂ ಹತ್ತಂಗಿಲ್ಲ, ಸೊಸಿ ಬದುಕ್ಯಾಳೋ ಇಲ್ಲೋ ಅಂತ ಕುಂತಿರತಾಳ, ಒಂದ ಸಲ ಹೋಗಿ ಕರಕೊಂಡು ಬಂದುಬಿಡ್ತೀನಿ, ಸಂಜೀಕ ಮನಿಗೆ ಬರ್ತೀನಿ. ಸಂಜೆಗೆ ಮನೆಗೆ ಬಂದದ್ದು ಅವನಲ್ಲ, ಮಾವನ ಬಟ್ಟೆಯಂಗಡಿಯ ನಾಸೀರ್, ಬಾಗಿಲಲ್ಲಿ ನಿಂತು ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ, ಭಾಭಿ, ಮಾಲಕ್ರು ಎಲ್ಲಿ ಅಂತ ಕೇಳಿದ, ಮಾಲಕರು ಎಲ್ಲಿ ಅಂತ ಅವನಿಗೆ ಗೊತ್ತಿತ್ತು, ಅಂಗಡಿಯಲ್ಲೇ ಬಿಟ್ಟು ಬಂದಿದ್ದ, ಸುದ್ದಿ ಹೇಳಲಾರದೆ ಏನಾದರೂ ಕೇಳಬೇಕಾಗಿತ್ತು ಅಷ್ಟೇ. ಅದೇ ಗೆರೆಯ ಮೇಲೆ ಹೋಗಿದ್ದರು. ಗೆರೀ ಮ್ಯಾಲಿಂದ ಒಂದು ಗೇಣು ಸರದಿದ್ದಿಲ್ರಿ, ಅಂಬಪ್ಪ ಅತ್ತುಕೊಂಡು ಹೇಳಿದ್ದ. ಆದರೆ ಹೆರಿಗೆಗೆ ಕಾಯುತ್ತ ಕೂತ ಹೊತ್ತಿನಲ್ಲಿ ಮೇಲೆ ಅಣೆಕಟ್ಟಿನಿಂದ ಬಿಡುವ ನೀರು ತಗ್ಗಿತ್ತು, ಹೊಳೆ ಆಳೆತ್ತರ ಇಳಿದಿತ್ತು, ಕೆಸರು ನೀರಿನ ಮೇಲೆ ಅದು ಯಾರಿಗೂ ಕಾಣಲಿಲ್ಲ, ಮೊದಲ ಸಲ ದೋಣಿಯ ಕೆಳಗೆ ಎಲ್ಲೋ ಪಾತಾಳದಲ್ಲಿದ್ದ, ಹಿಂದೆಂದೋ ಬಿದ್ದ ಹಳೆಯ ಸೇತುವೆಯ ಮುರಿದ ಕಂಬ ಎರಡನೆಯ ಸಲ ಒಂದು ಮೊಳದೊಳಗೆ ಬಂದು ಕಾಯುತ್ತಿತ್ತು. ಜಾಗ ಸರಿ ಇತ್ತು, ಆಳ ಹಳೆಯದಾಗಿತ್ತು.

ನಾವು ಎಲ್ಲಿದೀವಿ ಅನ್ನೋದು ಬ್ಯಾರೆ, ನಮ್ಮ ಕೆಳಗ ಏನೈತಿ ಅನ್ನೋದು ಬ್ಯಾರೆ, ಅವನೇ ಹೇಳಿಕೊಟ್ಟ ಮಾತು, ಮೊದಲಿಂದು ಉಪಗ್ರಹ ಹೇಳತಾವ, ಎರಡನೇದು ಯಾವನೋ ನಮ್ಮ ಮುತ್ತಜ್ಜನ ಕಾಲದಾಗ ಹಗ್ಗಕ್ಕ ಸೀಸದ ಗುಂಡು ಕಟ್ಟಿ ಇಳಿಬಿಟ್ಟು ಅಳದಿದ್ದು, ಕೆಲವೊಂದು ಕಡೆ ಇನ್ನೂ ಅದ ನಕ್ಷೆ, ಯಂತ್ರ ಮಾತ್ರ ಹೊಸದು, ಅದಕ್ಕ ಮಂದಿ ಮೋಸ ಹೋಗ್ತಾರ, ಕೆಂಪು ದೋಣಿ ಕಂಡ ಕೂಡಲೇ ಎಲ್ಲಾ ಖರೇ ಅಂತ ತಿಳೀತಾರ. ಇಷ್ಟೆಲ್ಲ ತಿಳಿದವನು. ಬೆರಳಿಂದ ಹಿಗ್ಗಿಸಿ ನೋಡ್ರಿ, ಕಾಣತೈತಿ ಅಂದಿದ್ದಳು ಅವಳು, ಅವನು ನಕ್ಷೆಯನ್ನು ಹಿಗ್ಗಿಸಿ ಹಿಗ್ಗಿಸಿ ತೋರಿಸಿದ್ದ, ಮೂಲೆಯಲ್ಲಿ ಎಚ್ಚರಿಕೆಯ ಅಕ್ಷರ ಮೂಡಿತ್ತು, ನೋಡು, ಹಿಗ್ಗಿಸಿದ್ರ ಗೆರಿ ದಪ್ಪಾಗತಾವ, ಅಳದವನ ಕಣ್ಣು ದೊಡ್ಡದಾಗಂಗಿಲ್ಲ. ಅವನು ಹೋದ ಮೇಲೆ ಅವಳು ಅದನ್ನೇ ಮಾಡಿದಳು, ಆ ದಿನ ದಂಡೆಯಿಂದ ಯಾರೋ ತೆಗೆದ ಫೋಟೋ ಒಂದು ಮಂದಿಯ ಫೋನಿನಿಂದ ಫೋನಿಗೆ ಹರಿದು ಅವಳ ಫೋನಿಗೂ ಬಂದಿತ್ತು, ದೂರದಲ್ಲಿ ದೋಣಿ, ದೋಣಿಯಲ್ಲಿ ಎದ್ದು ನಿಂತ ಒಂದು ಕಪ್ಪು ಗೆರೆ, ಅದನ್ನು ಹಿಗ್ಗಿಸಿದಳು, ಹಿಗ್ಗಿಸಿದಳು, ಗೆರೆ ಒಡೆದು ಚೌಕ ಚೌಕವಾಯಿತು, ಚೌಕದೊಳಗೆ ಮುಖ ಇರಲಿಲ್ಲ, ಬೆನ್ನು ಅಷ್ಟೇ, ಕೈ ಎಲ್ಲಿವೆ ಅಂತಲೂ ತಿಳಿಯಲಿಲ್ಲ. ಮಂದಿಗೆ ಮಾತ್ರ ಎಲ್ಲ ಕಂಡಿತು. ಸಿಗ್ನಲ್ ಹೋಗಿತ್ತಂತ, ಸಿಗ್ನಲ್ ಹಿಡಿಯಾಕ ಯಂತ್ರ ಮ್ಯಾಲೆತ್ತಿ ಎದ್ದು ನಿಂತನಂತ, ಅಷ್ಟರಾಗ ದೋಣಿ ಬಡೀತಂತ, ಕುಂತಾವ ಅಂಬಪ್ಪ ಹಲಗಿ ಹಿಡಕೊಂಡು ಉಳದ, ನಿಂತಾವ ಹೋದ. ಚಹಾದ ಅಂಗಡಿಯಲ್ಲಿ, ಮದುವೆಯ ಪಂಕ್ತಿಯಲ್ಲಿ, ತವರಿನ ಗಿರಣಿಯ ಹಮಾಲರ ಬಾಯಲ್ಲೂ ಅದೇ. ಆ ಯಂತ್ರವನ್ನು ಎತ್ತಿ ಹಿಡಿಯುವುದು ಬೇಕಾಗಿಲ್ಲ, ಪರದೆಯ ದೋಣಿ ಕೆಂಪಗೇ ಇತ್ತು, ದಂಡೆ ಬಿಡುವಾಗ ಅಂಬಪ್ಪ ಕಂಡಿದ್ದಾನೆ ಅಂತ ಅವಳು ಯಾರ ಮುಂದೆ ಹೇಳಲಿ. ಅಂಬಪ್ಪನನ್ನೇ ಕೇಳಿದಳು, ಮತ್ತೆ ಯಾಕೆ ನಿಂತರು? ನಾ ಹಿಂದ ಇಂಜಿನ್ ಕಡೆ ಇದ್ದೆನ್ರಿ, ನನಗ ಅವರ ಬೆನ್ನಷ್ಟ ಕಾಣತಿತ್ತು, ಯಾಕ ನಿಂತರೋ ಆ ದೇವರಿಗೇ ಗೊತ್ತ್ರಿ.

ಮಸ್ಕಿ, ಮಸ್ಕಿ ಇಳಿಯೋರು ಇಳೀರಿ, ಸಂತೆಕಲ್ಲೂರಿನವರು ಇಲ್ಲೇ ಬಸ್ಸು ಬದಲಸ್ರಿ — ಕಂಡಕ್ಟರ್ ಬಾಗಿಲು ಬಡಿಯುತ್ತಾನೆ, ಅವಳು ಸೆರಗನ್ನು ಮುಖದ ಮಗ್ಗುಲಿಗೆ ಎಳೆದುಕೊಳ್ಳುತ್ತಾಳೆ, ಗಂಡನ ಮನೆಯ ಊರು, ಯಾರಾದರೂ ನೋಡಿಯೇ ನೋಡುತ್ತಾರೆ, ನೋಡಿದರು, ನಾಸೀರ್ ಓಡಿಹೋದದ್ದು ಕಿಟಕಿಯಿಂದ ಕಾಣಿಸಿತು, ಸ್ವಲ್ಪ ಹೊತ್ತಿಗೆ ಮಾವ ಅಮರಗುಂಡಪ್ಪ ಬಟ್ಟೆಯಂಗಡಿಯಿಂದ ಎದ್ದು ಬಂದರು, ಹಣೆಯ ವಿಭೂತಿ ಬೆವರಿಗೆ ಅಳಿಸಿದೆ, ಹೆಗಲ ಮೇಲೆ ಬಟ್ಟೆ ಅಳೆಯುವ ಟೇಪು ಹಾಗೇ ಇದೆ, ಇಷ್ಟು ಬೇಗ ಇಷ್ಟು ಮುದುಕರಾದರೇ. ಎಲ್ಲಿಗೆ ಹೊಂಟೀಯವಾ, ಕಿಟಕಿಯ ಕೆಳಗೆ ನಿಂತು ಕೇಳುತ್ತಾರೆ. ಲಿಂಗಸೂರಿಗ್ರಿ ಮಾವಾರ, ಜ್ಯೋತಿ ಅತ್ತಿ ಬಂದಾಳಂತ್ರಿ. ಅವರು ಬಸ್ಸಿನ ತಗಡಿನ ಮೇಲೆ ಅಂಗೈ ಊರಿ ನೆಲ ನೋಡುತ್ತಾರೆ, ಆಕೀನ ಕರಿಯಾಕ ಹೋಗಿ ನನ್ನ ಮಗ ಹೋದ, ಮೂರನೇ ದಿನ ಆಕಿ ಸೇತುವಿ ಮ್ಯಾಲ ತನ್ನ ಕಾಲಿಲೆ ನಡಕೊಂಡು ಬಂದ್ಲು, ಚಪ್ಪಲಿ ಸೈತ ತೊಯ್ದಿದ್ದಿಲ್ಲಂತ, ಮತ್ತೇನು ಕೇಳಾಕ ಹೊಂಟಿ ನೀ. ಅವರು ಯಾಕ ಎದ್ದು ನಿಂತರು ಅಂತ ಕೇಳಬೇಕ್ರಿ. ಕೇಳೋದೇನೈತಿ ಅದರಾಗ, ಮಾವನ ದನಿ ಏರುತ್ತದೆ, ಪಕ್ಕದ ಶೇಂಗಾ ಮಾರುವವಳು ತಿರುಗಿ ನೋಡುತ್ತಾಳೆ, ಆ ಯಂತ್ರ, ಆ ಹಾಳಾದ ಯಂತ್ರ, ಊಟಕ್ಕ ಕುಂತ್ರೂ ಅದ, ಮಕ್ಕೊಂಡ್ರೂ ಅದ, ಅದನ್ನ ನೋಡಿ ನೋಡಿ ಸತ್ತ. ಬಾಯಿಗೆ ಕೈ ಹಿಡಿದರು. ಮಗನ ಹೆಸರನ್ನು ಅವರು ಆ ದಿನದಿಂದ ಎತ್ತಿಲ್ಲ, ಅಂಗಡಿಯಲ್ಲಿದ್ದ ಹಡಗಿನ ಫೋಟೋ ತೆಗೆಸಿದ್ದಾರೆ, ಯಾರಾದರೂ ಸಮುದ್ರ ಅಂದರೆ ಎದ್ದು ಒಳಗೆ ಹೋಗುತ್ತಾರೆ, ಮಗ ಸತ್ತದ್ದಕ್ಕಿಂತ ದಡ್ಡನಂತೆ ಸತ್ತ ಅನ್ನುವುದೇ ಅವರನ್ನು ತಿನ್ನುತ್ತಿದೆ ಅಂತ ಅವಳಿಗೆ ಅನಿಸುತ್ತದೆ, ಹಾಗೆ ಅನಿಸಿದ್ದಕ್ಕೆ ಅವರ ಮೇಲೆ ಸಿಟ್ಟು ಬರುತ್ತದೆ, ಸಿಟ್ಟು ಅರ್ಧ ದಾರಿಯಲ್ಲೇ ಕರಗುತ್ತದೆ, ಯಾಕೆಂದರೆ ರಾತ್ರಿ ಹೊರಳಿದಾಗ ಅವಳೂ ಒಮ್ಮೊಮ್ಮೆ ಅದನ್ನೇ ನಂಬಿದ್ದಾಳೆ. ಡ್ರೈವರ್ ಹಾರ್ನು ಒತ್ತಿದ. ಹೋಗು, ಮಾವ ತಗಡಿನಿಂದ ಕೈ ತೆಗೆದರು, ಹೋಗಿ ಕೇಳಿ ಬಾ, ಆದರ ಏನಂದ್ಲು ಅಂತ ನನಗ ಬಂದು ಹೇಳಬ್ಯಾಡ.

ಮಸ್ಕಿ ದಾಟಿದರೆ ಹಸಿರು ಕಡಿಮೆಯಾಗುತ್ತ ಹೋಗುತ್ತದೆ, ತೊಗರಿ, ಎದೆಯುದ್ದದ ಬಿಳಿಜೋಳ, ಕಪ್ಪು ಹೊಲಗಳ ನಡುವೆ ಬಂಡೆಗುಡ್ಡಗಳು ಯಾರೋ ಪೇರಿಸಿಟ್ಟು ಮರೆತಂತೆ ಕೂತಿವೆ, ಕಲ್ಲು ಅಂದರೆ ಅವಳಿಗೆ ಈಗ ಕಲ್ಲಾಗಿ ಕಾಣುವುದಿಲ್ಲ, ಇದರ ಮೇಲೆ ನೀರು ನಿಂತರೆ ಎಷ್ಟು ಮುಳುಗುತ್ತದೆ, ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕುತ್ತದೆ ಮನಸ್ಸು, ಬಿಡು, ಬಿಡು ಅಂದರೂ ಬಿಡುವುದಿಲ್ಲ. ಫೋನಿನಲ್ಲಿ ದೋಣಿ ಬೂದಿಯಾಯಿತು. ಗುಡ್ಡದ ಮಗ್ಗುಲಿಗೋ, ಬಸ್ಸಿನ ತಗಡಿಗೋ, ಉಪಗ್ರಹಗಳು ತಪ್ಪಿಹೋದವು, ಬಸ್ಸು ಓಡುತ್ತಿದೆ, ಬೂದಿ ದೋಣಿ ಹಿಂದೆ ಯಾವುದೋ ಹೊಲದಲ್ಲಿ ನಿಂತುಬಿಟ್ಟಿದೆ, ಜ್ಯೋತಿಯ ಅತ್ತೆ ಆ ಅಮರಮ್ಮನೂ ಹಾಗೇ ಅಂದರೆ, ನಾನೇನೂ ಕಾಣಲಿಲ್ಲ ತಾಯಿ, ಯಂತ್ರ ಎತ್ತಿ ಹಿಡಿದಿದ್ದ ಅಂದರೆ, ಆಗ ಏನು ಮಾಡುತ್ತೀ ಭಾಗ್ಯಶ್ರೀ, ಯಾವ ಬಸ್ಸು ಹತ್ತಿ ಎಲ್ಲಿಗೆ ಹೋಗುತ್ತೀ, ಇಳಿದುಬಿಡಲೇ, ಇಲ್ಲೇ ಇಳಿದು ಎದುರಿನ ಬಸ್ಸು ಹಿಡಿಯಲೇ — ದೋಣಿ ಮತ್ತೆ ಕೆಂಪಾಯಿತು, ಒಂದೇ ಜಿಗಿತಕ್ಕೆ ಬಂದು ಬಸ್ಸನ್ನು ಕೂಡಿಕೊಂಡಿತು, ಅವಳು ಫೋನನ್ನು ಚೀಲದೊಳಗೆ ಹಾಕಿದಳು.

ಲಿಂಗಸೂರಿನ ನಿಲ್ದಾಣದಲ್ಲಿ ಜ್ಯೋತಿ ಕಾಯುತ್ತಿದ್ದಳು, ಕಂಕುಳಲ್ಲಿ ಕೂಸು, ಕೂಸೆಂದರೆ ಈಗ ಕಾಲೂರಿ ನಡೆಯುವ ಹುಡುಗಿ, ಕಣ್ಣಿಗೆ ದಪ್ಪ ಕಾಡಿಗೆ, ಅವತ್ತು ಫೋನಿನಲ್ಲಿ ಕೇಳಿದ ಆ ತೆಳ್ಳಗಿನ ದನಿ ಇದೇ ಬಾಯಿಂದ ಬಂದದ್ದು ಅಂತ ನಂಬುವುದು ಹೇಗೆ. ಬರ್ರೀ ಅಕ್ಕಾರ. ಬರ್ರಿ. ಚೀಲ ಕಸಿದುಕೊಂಡಳು, ಸಂದಿಯೊಳಗೆ ಒಂದು ಖೋಲಿ, ಬಾಗಿಲಲ್ಲಿ ನೀರಿನ ಕೊಡಗಳು, ಒಳಗೆ ಗೋಡೆಗೆ ಒರಗಿ ಅಮರಮ್ಮ ಕೂತಿದ್ದಾಳೆ, ಗಾರೆ ಹೊತ್ತು ಹೊತ್ತು ಬೆರಳ ಸಂದಿಗಳು ಬಿಳಿಚಿವೆ, ಸೇತುವೆ ಇಳಿದು ಬಂದವಳೇ ಮಗನ ಜೊತೆ ಗೋವಾದ ಕಟ್ಟಡಗಳಿಗೆ ದುಡಿಯಲು ಹೋದವಳು, ಮಂದಿ ಏನೇನು ಅನ್ನುತ್ತಾರೆ ಅಂತ ಅವಳಿಗೆ ಈಗಷ್ಟೇ ಗೊತ್ತಾಗಿದೆ, ಅವಳನ್ನು ಅವತ್ತು ಯಾರೂ ಏನೂ ಕೇಳಲೇ ಇಲ್ಲ. ಕುಂದರ್ ಬಾ ತಾಯಿ ಅಂದಳು, ಭಾಗ್ಯಶ್ರೀಯ ಮುಖವನ್ನು ಎರಡೂ ಕೈಯಿಂದ ಸವರಿದಳು, ಒರಟು ಕೈ, ಚಹಾ ಬೇಡ, ನೀರು ಬೇಡ, ಮೊದಲು ಹೇಳು ಅಂದಳು ಭಾಗ್ಯಶ್ರೀ. ಹೇಳಿದಳು. ನೀರು ಭೋರ್ ಅಂತಿತ್ತು ಯವ್ವಾ, ಬಾಜೂಕ ನಿಂತವರ ಮಾತು ಕೇಳ್ತಿದ್ದಿಲ್ಲ, ನಾ ಗುಡಿ ಕಟ್ಟಿ ಮ್ಯಾಲ ನಿಂತಿದ್ದೆ, ಈಕಿ ಸತ್ಲೋ ಉಳದ್ಲೋ ಒಂದೂ ತಿಳೀದು, ದೋಣಿ ಬರೋದು ಕಂಡ್ತು, ಅದರಾಗ ನಮ್ಮ ಜ್ಯೋತಿ ಇಲ್ಲ, ಮುಗೀತು, ಹೇಳಾಕ ಬರಾಕತ್ತಾರ ಅಂತ ತಲೀ ಮ್ಯಾಲ ಕೈ ಹೊತ್ತು ಕುಸದ ಕುಂತೆ. ಅವ ನನ್ನ ನೋಡಿದ. ತೊಡೀ ಮ್ಯಾಲಿಂದ ಯಂತ್ರ ತಗದು ಕೆಳಗಿಟ್ಟ, ಇಟ್ಟಿದ್ದು ನಾ ಕಣ್ಣಾರೆ ಕಂಡೀನಿ, ಎದ್ದು ನಿಂತು ಏನೋ ಕೂಗಿದ, ನನಗ ಕೇಳ್ಲಿಲ್ಲ, ಮತ್ತ ಕೂಗಿದ, ಬಾಯಿ ಅಷ್ಟ ಕಾಣತಿತ್ತು. ಆಮ್ಯಾಲ ಹಿಂಗ ಮಾಡಿದ.

ಅಮರಮ್ಮ ಎರಡೂ ತೋಳು ಮಡಿಚಿ ಎದೆಗೆ ತಂದಳು, ಒಂದರ ಮೇಲೊಂದು ಇಟ್ಟಳು, ತೂಗಿದಳು. ಹಿಂಗ. ಕೂಸು ಆತು ಅಂತ. ಆರಾಮ ಅದಾರ ಅಂತ. ನಗಾಕತ್ತಿದ್ದ ಯವ್ವಾ, ತನ್ನ ಮನ್ಯಾಗ ಹುಟ್ಟಿದಂಗ ನಗಾಕತ್ತಿದ್ದ, ನನಗ ತಿಳೀತು, ಎದ್ದು ನಿಂತೆ, ನಾನೂ ಹಿಂಗ ಮಾಡಿ ತೋರಿಸಿದೆ, ತಿಳೀತಪ್ಪಾ ತಿಳೀತು ಅಂತ, ಅವ ಮತ್ತೊಮ್ಮೆ ತೂಗಿದ — ಆಮ್ಯಾಲ ದೋಣಿ ಇತ್ತು, ಅವ ಇದ್ದಿಲ್ಲ. ಜ್ಯೋತಿ ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಿದ್ದಾಳೆ, ಕೂಸು ಅಜ್ಜಿಯ ತೋಳುಗಳನ್ನು ನೋಡಿ ಅದರೊಳಗೆ ಹತ್ತಲು ಬರುತ್ತಿದೆ, ಭಾಗ್ಯಶ್ರೀಗೆ ಅಳು ಬರಬೇಕಿತ್ತು, ಬರಲಿಲ್ಲ, ಹೊರಗೆ ಸಂದಿಯಲ್ಲಿ ನಿಂತಿದ್ದಾಳೆ, ಯಾವಾಗ ಎದ್ದು ಬಂದಳು, ಕಿವಿಯ ಹತ್ತಿರ ಫೋನು, ಮಸ್ಕಿಗೆ ಯಾವಾಗ ಹಚ್ಚಿದಳು, ಹೇಳಬ್ಯಾಡ ಅಂದಿದ್ದರಲ್ಲ, ಹೇಳಬ್ಯಾಡ ಅಂದವರು ಮೊದಲ ಗಂಟೆಗೇ ಎತ್ತಿದರು, ಉಸಿರು ಕೇಳುತ್ತಿದೆ. ಮಾವಾರ, ಅವರು ಸಿಗ್ನಲ್ ಹುಡುಕಾಕ ನಿಂತಿದ್ದಿಲ್ರಿ. ಯಂತ್ರ ಕೆಳಗಿಟ್ಟಿದ್ರಂತ್ರಿ. ಮತ್ತ ಯಾಕ ನಿಂತಿದ್ದ ನಮ್ಮ ಸಂಗು, ಆ ಕಡೆಯಿಂದ ಬಂತು, ಹೆಸರು ಎತ್ತಿದರು, ಹೆಸರು ಎತ್ತಿ ಕೇಳಿದರು, ಯಾಕ ನಿಂತಿದ್ದ, ಹೇಳವಾ, ಅವಳು ಬಾಯಿ ತೆರೆದಳು, ಹೇಳಲು ಮಾತಿಲ್ಲ, ಅವನ ಕಡೆಯೂ ಮಾತಿರಲಿಲ್ಲ, ನೀರಿನ ಸದ್ದು ಎಲ್ಲ ಮಾತನ್ನೂ ನುಂಗಿತ್ತು, ಫೋನು ಹಿಡಿದರೆ ಒಂದೇ ತೋಳು ಉಳಿಯುತ್ತದೆ, ಒಂದು ತೋಳಿನಲ್ಲಿ ಹೇಗೆ ತೋರಿಸಲಿ, ಹೇಳವಾ ಭಾಗ್ಯ, ಮಾವ ಕೇಳುತ್ತಿದ್ದಾರೆ, ಕೆಂಪು ನೀರು, ಅದರ ಮೇಲೆ ನಿಂತ ಅವನು, ಮಡಿಚಿದ ಎರಡು ತೋಳು, ನಡುವೆ ಏನೂ ಇಲ್ಲ, ತೂಗುತ್ತಿದ್ದಾನೆ, ಏನೂ ಇಲ್ಲದ್ದನ್ನು ಎದೆಗೆ ಹಿಡಿದು ನಗುತ್ತ ತೂಗುತ್ತಿದ್ದಾನೆ, ಎರಡು ತೋಳು, ತೂಗುತ್ತಿವೆ, ಎರಡು ತೋಳು